ಕಾರಿನ ಮೈಲೇಜ್ ಬಿದ್ದಾಗ: ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಸರ್ವಿಸ್ ಮಾಡಿಸಿದೆ, ಏರ್ ಫಿಲ್ಟರ್ ಬದಲಿಸಿದೆ, ದುಬಾರಿ ಪೆಟ್ರೋಲ್ ಕೂಡ ಹಾಕಿಸಿ ನೋಡಿದೆ. ಮೈಲೇಜ್ ಮಾತ್ರ ಮೇಲೇಳಲಿಲ್ಲ." ಹೀಗೆ ಹೇಳಿಕೊಂಡು ಬರುವವರಿಗೆ ನಾನು ಕೇಳುವ ಪ್ರಶ್ನೆ ಒಂದೇ: ಮೊದಲು ಎಷ್ಟು ಬರುತ್ತಿತ್ತು? ಬಹಳಷ್ಟು ಮಂದಿ ತಲೆ ಕೆರೆದುಕೊಂಡು "ಹದಿನೆಂಟರ ಹತ್ತಿರ ಇದ್ದಿರಬೇಕು" ಎನ್ನುತ್ತಾರೆ. ಇದ್ದಿರಬೇಕು ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಜನ ಎಡವುವುದು ಕ್ರಮದಲ್ಲಿ. ಅಳೆಯದೆ ಶುರು ಮಾಡುತ್ತಾರೆ. ಒಂದೇ ದಿನ ನಾಲ್ಕು ವಸ್ತು ಬದಲಿಸಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಕೂರುತ್ತಾರೆ. ದೋಷ ಚಕ್ರದಲ್ಲಿದ್ದರೆ ಬಾನೆಟ್ ಎತ್ತುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಕಾರಿನ ತಪಾಸಣೆಯಲ್ಲಿ ಖರ್ಚಿಲ್ಲದವು ಮೊದಲು ಬರುತ್ತವೆ, ಪಾನಾ ಹಿಡಿಯಬೇಕಾದವು ನಂತರ, ಹೊರೆ ಮತ್ತು ಓಡಿಸುವ ರೀತಿ ಕೊನೆಗೆ. ಒಂದು ಹಂತದಲ್ಲಿ ದೋಷ ಸಿಕ್ಕಿ ಸರಿಪಡಿಸಿದರೆ ಅಲ್ಲಿಗೆ ನಿಲ್ಲಿಸಿ, ಒಂದು ಟ್ಯಾಂಕ್ ಓಡಿಸಿ ನೋಡಿ, ಮುಂದಿನದಕ್ಕೆ ಹೋಗಿ. ಬ್ರೇಕ್, ಆಯಿಲ್, ಕೂಲೆಂಟ್‌ನಲ್ಲಿ ಅಪಾಯ ಕಂಡರೆ ಮಾತ್ರ ಈ ಸಾವಧಾನ ಬೇಡ, ಅದನ್ನು ಕೂಡಲೇ ಸರಿಪಡಿಸಿ.

ಬೇಕಾಗುವ ಸಾಮಾನು

ಎಲ್ಲಕ್ಕಿಂತ ಮೊದಲು ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿ. ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿರುತ್ತದಲ್ಲ, ಅದೇ. ಜೊತೆಗೆ ಒಂದು ಒಳ್ಳೆಯ ಟೈರ್ ಪ್ರೆಷರ್ ಗೇಜ್, ಮಲ್ಟಿಮೀಟರ್, ಟಾರ್ಚ್, ನೂಲು ಬಿಡದ ಬಟ್ಟೆ, ರಬ್ಬರ್ ಕೈಗವಸು, ಒಂದು ಪುಟ್ಟ ನೋಟ್‌ಬುಕ್. ಒಬಿಡಿ ರೀಡರ್ ಎಂಬ ಚಿಕ್ಕ ಸಾಧನ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ ಮೊಬೈಲ್‌ನಲ್ಲೇ ಇಂಜಿನ್ನಿನ ಸ್ಥಿತಿ ನೋಡಬಹುದು.

ಆಯಿಲ್ ಅನ್ನು ನೀವೇ ಬದಲಿಸುವುದಾದರೆ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಒಡ್ಡುವ ಕಟ್ಟೆ, ಡ್ರೈನ್ ಬೋಲ್ಟ್‌ಗೆ ಸರಿಹೊಂದುವ ಸಾಕೆಟ್, ಎಷ್ಟು ಬಿಗಿಯಾಯಿತೆಂದು ಅಳೆಯುವ ಟಾರ್ಕ್ ರೆಂಚ್, ಫಿಲ್ಟರ್ ಬಿಚ್ಚುವ ರೆಂಚ್, ಅಗಲವಾದ ಬೇಸಿನ್ ಮತ್ತು ಹೊಸ ವಾಷರ್ ಬೇಕು.

ಹಂತ 1: ಈಗಿನ ಮೈಲೇಜ್ ಅಳೆಯಿರಿ

ಟ್ಯಾಂಕ್ ಅನ್ನು ನಾಜಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಅಲ್ಲಿಗೇ ಸಾಕು ಮಾಡಿ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಎಂದಿನಂತೆ ಓಡಿಸಿ. ಅರ್ಧ ಟ್ಯಾಂಕ್‌ಗಿಂತ ಹೆಚ್ಚು ಖಾಲಿಯಾದ ಮೇಲೆ, ಸಾಧ್ಯವಾದರೆ ಅದೇ ಬಂಕ್‌ನ ಅದೇ ಪಂಪ್‌ನಲ್ಲಿ, ಮತ್ತೆ ಕಟ್ ಆಗುವವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರ್‌ಗಳಿಂದ ಭಾಗಿಸಿ. 438 ಕಿಲೋಮೀಟರ್ ಓಡಿ 29.2 ಲೀಟರ್ ಹಿಡಿದರೆ ಲೀಟರಿಗೆ 15.

ಇಂತಿಷ್ಟು ಹಣಕ್ಕೆ ಹಾಕಿಸುವ ಅಭ್ಯಾಸವಿದ್ದವರು ಈ ಲೆಕ್ಕ ಮಾಡಲಾರರು. ಸ್ವಲ್ಪವೇ ತುಂಬಿಸಿ ಅಳೆಯುವುದೂ ವ್ಯರ್ಥ. ನಾಜಲ್ ಒಂದು ಲೀಟರ್ ಆಚೀಚೆ ಕಟ್ ಆಯಿತು ಎಂದುಕೊಳ್ಳಿ: 10 ಲೀಟರ್ ತುಂಬಿಸಿದಾಗ ಅದು ಶೇ. 10ರಷ್ಟು ತಪ್ಪು, 35 ಲೀಟರ್ ತುಂಬಿಸಿದಾಗ ಶೇ. 3ಕ್ಕಿಂತ ಕಡಿಮೆ. ಹೀಗೆ ಮೂರು ಟ್ಯಾಂಕ್ ಅಳೆದು, ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರ್‌ಗಳಿಂದ ಭಾಗಿಸಿ. ಪ್ರತಿ ಸಲವೂ ಪಕ್ಕದಲ್ಲಿ ಒಂದು ಮಾತು ಬರೆದಿಡಿ: ಊರೊಳಗೆ, ಹೆದ್ದಾರಿ, ಮಳೆ, ಎಸಿ ಹಾಕಿತ್ತು, ಐದು ಜನ ಇದ್ದರು. ನಗರದ ಟ್ಯಾಂಕನ್ನು ಹೆದ್ದಾರಿಯ ಟ್ಯಾಂಕಿಗೆ ಹೋಲಿಸಿ "ಮೈಲೇಜ್ ಬಿತ್ತು" ಎಂದು ಗೋಳಾಡುವವರೇ ಹೆಚ್ಚು.

ಕಟ್ ಆದ ಮೇಲೂ "ಇನ್ನೊಂದು ಚೂರು" ಎಂದು ಕುತ್ತಿಗೆವರೆಗೆ ತುಂಬಿಸಬೇಡಿ. ಟ್ಯಾಂಕಿನ ಆವಿಯನ್ನು ಹೀರಿಕೊಳ್ಳಲು ಇರುವ ಇದ್ದಿಲಿನ ಡಬ್ಬಿಗೆ ದ್ರವ ಪೆಟ್ರೋಲ್ ನುಗ್ಗಿದರೆ ಅದು ಹಾಳು.

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಅಂದಾಜು ಲೆಕ್ಕ. ನಿನ್ನೆಗೂ ಇವತ್ತಿಗೂ ಹೋಲಿಸಲು ಸಾಕು, ಖಚಿತ ಸಂಖ್ಯೆ ಬೇಕಾದರೆ ಬಂಕ್‌ನ ರಸೀದಿಯನ್ನೇ ನಂಬಿ.

ಹಂತ 2: ಟೈರ್

ಎಷ್ಟು ಗಾಳಿ ಬೇಕು ಎಂಬುದು ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿದೆ. ಕೆಲವು ಕಾರುಗಳಲ್ಲಿ ಅದು ಇಂಧನದ ಮುಚ್ಚಳದ ಒಳಬದಿಗಿರುತ್ತದೆ. ಟೈರಿನ ಬದಿಯಲ್ಲಿ ಅಚ್ಚಾಗಿರುವುದು ಆ ಟೈರ್ ತಡೆದುಕೊಳ್ಳುವ ಗರಿಷ್ಠ ಒತ್ತಡ, ಅದನ್ನು ನೋಡಿ ತುಂಬಿಸುವುದು ತಪ್ಪು. ಖಾಲಿ ಕಾರಿಗೂ ತುಂಬಿದ ಕಾರಿಗೂ ಚೀಟಿಯಲ್ಲಿ ಬೇರೆ ಬೇರೆ ಸಂಖ್ಯೆ ಇರಬಹುದು, ಮುಂದಿನದಕ್ಕೂ ಹಿಂದಿನದಕ್ಕೂ ವ್ಯತ್ಯಾಸ ಇರಬಹುದು.

ಆ ಸಂಖ್ಯೆ ತಣ್ಣನೆಯ ಟೈರಿಗೆ ಹೇಳಿದ್ದು. ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರ್ ಮಾತ್ರ ಓಡಿರಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸಬಹುದು. ಅದನ್ನು ನೋಡಿ "ಜಾಸ್ತಿ ಇದೆ" ಎಂದು ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಕೊರತೆ. ನಾನು ಮಾಡುವ ಉಪಾಯ ಇದು: ಬೆಳಗ್ಗೆ ಮನೆಯಲ್ಲೇ ಅಳೆದು ಕೊರತೆ ಎಷ್ಟೆಂದು ಬರೆದುಕೊಳ್ಳುತ್ತೇನೆ. ಚೀಟಿಯಲ್ಲಿ 33, ಗೇಜ್‌ನಲ್ಲಿ 28, ಕೊರತೆ 5. ಗಾಳಿ ಹೊಡೆಸುವ ಜಾಗಕ್ಕೆ ಹೋಗುವಷ್ಟರಲ್ಲಿ ಅದು 31 ಆಗಿರುತ್ತದೆ, ಅಲ್ಲಿ 36ಕ್ಕೆ ಹೊಡೆಸುತ್ತೇನೆ. ಸುತ್ತಲಿನ ಉಷ್ಣಾಂಶ 5ರಿಂದ 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡವೂ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಚಳಿ ಶುರುವಾದ ವಾರದಲ್ಲಿ ಎಚ್ಚರಿಕೆ ದೀಪ ಹತ್ತಿಕೊಳ್ಳುವುದು ಇದರಿಂದಲೇ.

ಇಲ್ಲಿ ಒಂದು ನಿಜ ಹೇಳಿಬಿಡಬೇಕು. ನಾಲ್ಕೂ ಟೈರ್‌ಗಳಲ್ಲಿ ಸರಾಸರಿ 1 ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಇಳಿಯುವುದು ಸುಮಾರು ಶೇ. 0.2 ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. 8 ಪಿಎಸ್‌ಐ ಕೊರತೆ ಇದ್ದರೂ ಶೇ. 2 ದಾಟುವುದಿಲ್ಲ. ಹಾಗಿದ್ದರೂ ಇದನ್ನು ಮೊದಲು ಇಟ್ಟಿದ್ದೇನೆ. ಗಾಳಿ ಕಡಿಮೆ ಇರುವ ಟೈರ್ ವೇಗದಲ್ಲಿ ಕಾದು ಸಿಡಿಯಬಹುದು, ಅಂಚು ಸವೆದು ಬೇಗ ಮುಗಿಯುತ್ತದೆ, ಮುಂದಿನ ಹಂತದ ಪರೀಕ್ಷೆಗಳನ್ನೆಲ್ಲ ಕಲಸಿಹಾಕುತ್ತದೆ.

ಗಾಳಿ ನೋಡುವಾಗಲೇ ಸವೆತವನ್ನೂ ಓದಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡುಭಾಗ ಸವೆದಿದ್ದರೆ ಹೆಚ್ಚು ಇಟ್ಟಿದ್ದೀರಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ದೋಷ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಆಚೆಗೊಮ್ಮೆ ಈಚೆಗೊಮ್ಮೆ ಸವರಿ. ಒಂದು ಕಡೆಗೆ ನಯವಾಗಿ, ಇನ್ನೊಂದು ಕಡೆಗೆ ಗರಗಸದಂತೆ ತಾಗಿದರೆ ಚಕ್ರಗಳು ಒಂದಕ್ಕೊಂದು ನೇರವಾಗಿಲ್ಲ, ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತಿವೆ. ಇದು ಮೈಲೇಜನ್ನೂ ಟೈರನ್ನೂ ಒಟ್ಟಿಗೆ ತಿನ್ನುತ್ತದೆ. ಮಣ್ಣು ಮೆತ್ತಿಕೊಂಡಿದ್ದರೆ ಮೊದಲು ಒರೆಸಿ, ಸವೆದ ಟೈರಿನಲ್ಲಿ ಉಕ್ಕಿನ ತಂತಿ ಇಣುಕುತ್ತಿದ್ದರೆ ಕೈ ಸೀಳುತ್ತದೆ.

ಟೈರಿನ ಮೇಲ್ಮೈಯ ಸೀಳುಗಳಲ್ಲಿ ಆಳ ತೋರಿಸುವ ಪುಟ್ಟ ದಿಮ್ಮಿಗಳಿರುತ್ತವೆ, ಎತ್ತರ 1.6 ಮಿಲಿಮೀಟರ್. ಮೇಲ್ಮೈ ಅದಕ್ಕೆ ಸಮವಾದರೆ ಟೈರ್ ಮುಗಿದಂತೆ. ಬದಿಯಲ್ಲಿರುವ ನಾಲ್ಕಂಕಿ ಸಂಖ್ಯೆ ತಯಾರಾದ ವಾರ ಮತ್ತು ವರ್ಷ: 2321 ಎಂದಿದ್ದರೆ 2021ರ 23ನೇ ವಾರ. ಸ್ಟೆಪ್ನಿಯನ್ನು ಮರೆಯಬೇಡಿ. ಕಡಿಮೆ ಅಗಲದ ತಾತ್ಕಾಲಿಕ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, ಉಳಿದವುಗಳಂತೆ 33 ಅಲ್ಲ.

ನೈಟ್ರೋಜನ್ ಬಗ್ಗೆ ಕೇಳುವವರಿಗೆ: ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ತುಂಬಿಸಿದರೆ ಹಾನಿಯಿಲ್ಲ, ತಿಂಗಳಿಗೊಮ್ಮೆ ಗೇಜ್ ಹಿಡಿಯುವ ಕೆಲಸವಂತೂ ತಪ್ಪುವುದಿಲ್ಲ.

ಹಂತ 3: ಚಕ್ರ ಹಗುರಾಗಿ ಉರುಳುತ್ತಿದೆಯೇ?

ಬಿಡದೆ ಹಿಡಿದುಕೊಂಡಿರುವ ಬ್ರೇಕ್ ಎಷ್ಟೋ ಕಾರುಗಳ ಗುಟ್ಟಿನ ಕಳ್ಳ. ಇಂಜಿನ್ ಚೆನ್ನಾಗಿರುತ್ತದೆ, ಸರ್ವಿಸ್ ಸರಿಯಾಗಿ ಆಗಿರುತ್ತದೆ, ಪೆಟ್ರೋಲ್ ಮಾತ್ರ ಬ್ರೇಕ್ ಪ್ಯಾಡ್ ಕಾಯಿಸಲು ಹೋಗುತ್ತಿರುತ್ತದೆ.

ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ಕೊನೆಯಲ್ಲಿ ಆದಷ್ಟು ಬ್ರೇಕ್ ತುಳಿಯದೆ ವೇಗ ಇಳಿಯಲು ಬಿಟ್ಟು, ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಅಂಗೈಯ ಹಿಂಭಾಗವನ್ನು ಪ್ರತಿ ಚಕ್ರದ ಹತ್ತಿರ ಹಿಡಿದು ನೋಡಿ. ಮುಟ್ಟಬೇಡಿ, ಡಿಸ್ಕ್ ಸುಟ್ಟುಬಿಡುವಷ್ಟು ಕಾದಿರಬಹುದು. ಹೋಲಿಸಬೇಕಾದದ್ದು ಎಡಕ್ಕೂ ಬಲಕ್ಕೂ, ಏಕೆಂದರೆ ಮುಂದಿನ ಬ್ರೇಕ್‌ಗಳು ಹಿಂದಿನವಕ್ಕಿಂತ ಬಿಸಿಯಾಗುವುದು ಸಹಜ. ಎಡ ಮುಂಚಕ್ರ ತಣ್ಣಗಿದ್ದು ಬಲ ಮುಂಚಕ್ರ ಹೊಗೆಯಾಡುವ ವಾಸನೆ ಕೊಡುತ್ತಿದ್ದರೆ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಸಿಕ್ಕಿಹಾಕಿಕೊಂಡಿರಬಹುದು. ಹಿಂದಿನ ಎರಡೂ ಕಾಯುತ್ತಿದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗಿರಬಹುದು.

ಇನ್ನೊಂದು ಪರೀಕ್ಷೆ: ಸಮತಟ್ಟು ನೆಲದಲ್ಲಿ ಇಂಜಿನ್ ಚಾಲೂ ಇರಲಿ, ಒಬ್ಬರು ಚಾಲಕನ ಸೀಟಿನಲ್ಲಿ ಬ್ರೇಕ್ ಮೇಲೆ ಕಾಲಿಡಲು ಸಿದ್ಧರಾಗಿ ಕೂರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಹಿಂದಿನಿಂದ ತಳ್ಳಿ. ಚಿಕ್ಕ ಕಾರು ಒಬ್ಬರ ಬಲಕ್ಕೆ ಕದಲಬೇಕು. ತಳ್ಳುವುದು ನಿಲ್ಲಿಸಿದ ಕೂಡಲೇ ಗಕ್ಕನೆ ನಿಂತರೆ ಅನುಮಾನಿಸಿ. ಇಂಜಿನ್ ಬಂದ್ ಮಾಡಿ ಇದನ್ನು ಮಾಡಬಾರದು, ಬ್ರೇಕ್ ಬೂಸ್ಟರ್‌ನ ಸಹಾಯ ಒಂದೆರಡು ತುಳಿತಕ್ಕೆ ಮುಗಿದು ಪೆಡಲ್ ಕಲ್ಲಾಗುತ್ತದೆ.

ಪ್ಯಾಡ್‌ಗಳ ದಪ್ಪ 3 ಮಿಲಿಮೀಟರ್ ಹತ್ತಿರ ಬಂದರೆ ಬದಲಿಸಿ. ಬ್ರೇಕ್ ಒತ್ತಿದಾಗ ಕಿರ್ರೆನ್ನುವ ಸಣ್ಣ ಶಬ್ದ ಹಲವು ಪ್ಯಾಡ್‌ಗಳಲ್ಲಿ ಬೇಕೆಂದೇ ಇಟ್ಟ ಎಚ್ಚರಿಕೆ. ಅದು ಗರಗರ ಎಂಬ ಲೋಹದ ಉಜ್ಜಾಟವಾಗಿ ಬದಲಾದರೆ ಡಿಸ್ಕ್ ಕೂಡ ಹೋಗುತ್ತಿದೆ. ಬ್ರೇಕ್ ಕೆಲಸದ ಅನುಭವವಿಲ್ಲದವರು ಇಲ್ಲಿ ಪತ್ತೆ ಮಾಡುವುದಷ್ಟನ್ನೇ ಮಾಡಿ, ಬಿಚ್ಚುವುದನ್ನು ಬಲ್ಲವರಿಗೆ ಬಿಡಿ.

ಹಂತ 4: ಬಾನೆಟ್ ಎತ್ತಿ, ದ್ರವಗಳನ್ನು ನೋಡಿ

ಇಂಜಿನ್ ಆಯಿಲ್. ಸಮತಟ್ಟು ಜಾಗದಲ್ಲಿ ಬೆಚ್ಚಗಿನ ಇಂಜಿನ್ ಆರಿಸಿ 5ರಿಂದ 10 ನಿಮಿಷ ಕಾಯಿರಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದಾಗ ಕಂಡದ್ದನ್ನು ನಂಬಬೇಡಿ. ಕೆಳ ಗೆರೆಗೂ ಮೇಲಿನ ಗೆರೆಗೂ ನಡುವೆ ಸಾಮಾನ್ಯವಾಗಿ ಒಂದು ಲೀಟರ್ ಆಸುಪಾಸು ಹಿಡಿಯುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಹಾಕಿ. ಮೇಲಿನ ಗೆರೆ ದಾಟಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆ ಎಲ್ಲಿಗೂ ಸರಿಯಾಗಿ ಹರಿಯುವುದಿಲ್ಲ.

ಬಣ್ಣ ಕಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಹೆದರಬೇಕಿಲ್ಲ, ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಹೆದರಬೇಕಾದದ್ದು ಹಾಲು ಬೆರೆಸಿದ ಕಾಫಿಯಂತೆ ಕಂಡಾಗ. ಆಗ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಮಟ್ಟ ತಾನಾಗಿ ಏರುತ್ತಾ ಹೋದರೆ ಇಂಧನ ಸೇರುತ್ತಿರಬಹುದು. ಕಡಿಮೆ ದೂರದ ಓಡಾಟವೇ ಹೆಚ್ಚಿರುವ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಪದೇಪದೇ ತನ್ನನ್ನು ಸುಟ್ಟುಕೊಳ್ಳಲು ಹೋಗಿ ಅರ್ಧಕ್ಕೆ ನಿಂತಾಗ ಹೀಗಾಗುತ್ತದೆ.

ಕೂಲೆಂಟ್. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಒಳಗೆ ಒತ್ತಡದಲ್ಲಿರುವ ದ್ರವ ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾದ ಮೇಲೆ ಪಕ್ಕದ ಅರೆಪಾರದರ್ಶಕ ಡಬ್ಬಿಯಲ್ಲಿ ಮಟ್ಟ ನೋಡಿದರೆ ಸಾಕು. ಹಸಿರು, ಕೆಂಪು, ನೀಲಿ ಎಂಬ ಬಣ್ಣ ಬರೀ ಬಣ್ಣ, ಒಂದೇ ಬಣ್ಣದ ಎರಡು ಕೂಲೆಂಟ್‌ಗಳ ರಾಸಾಯನಿಕ ಬೇರೆಯಾಗಿರಬಹುದು. ಕೈಪಿಡಿ ಹೇಳಿದ ಗುಣಮಟ್ಟವನ್ನು ನೋಡಿ ತನ್ನಿ. ಗಾಢ ಕೂಲೆಂಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು, ನಲ್ಲಿ ನೀರಿನಲ್ಲಿರುವ ಲವಣ ರೇಡಿಯೇಟರ್ ಒಳಗೆ ಗಟ್ಟಿ ಕಟ್ಟುತ್ತದೆ. ಚೆಲ್ಲಿದರೆ ತೊಳೆದುಬಿಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ.

ಬ್ರೇಕ್ ಆಯಿಲ್. ಇದು ನಿಧಾನವಾಗಿ ಇಳಿದಿದ್ದರೆ ಹೆಚ್ಚಾಗಿ ಕಾರಣ ಪ್ಯಾಡ್ ಸವೆತ. ಸುಮ್ಮನೆ ಮೇಲೆ ತುಂಬಿಸಿ ಮರೆತರೆ ಆ ಸುಳಿವನ್ನು ಅಳಿಸಿಹಾಕಿದಂತೆ, ಮೊದಲು ಪ್ಯಾಡ್ ನೋಡಿ. ಒಮ್ಮೆಲೇ ಇಳಿದಿದ್ದರೆ ಸೋರಿಕೆ, ಕಾರು ಓಡಿಸಬೇಡಿ. ಬ್ರೇಕ್ ಆಯಿಲ್‌ನ ದರ್ಜೆಗಳಲ್ಲಿ ಡಾಟ್ 3, ಡಾಟ್ 4 ಗ್ಲೈಕಾಲ್ ಜಾತಿಯವು. ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಗ್ಲೈಕಾಲ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದಂತೆ ಕುದಿಬಿಂದು ಇಳಿದು ಉದ್ದನೆಯ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುತ್ತದೆ. ಅದಕ್ಕೇ ಬಹಳಷ್ಟು ತಯಾರಕರು ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು.

ಹಂತ 5: ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು

ಕಾಲ ಬಂದಿದ್ದರೆ ಮಾತ್ರ ಮಾಡಿ. ಎಷ್ಟು ಕಿಲೋಮೀಟರ್ ಅಥವಾ ಎಷ್ಟು ತಿಂಗಳು ಎಂಬುದು ಕೈಪಿಡಿಯಲ್ಲಿದೆ, ಯಾವುದು ಮೊದಲು ಬರುತ್ತದೋ ಅದು. ಕಡಿಮೆ ಓಡುವ ಕಾರಿಗೂ ತಿಂಗಳ ಲೆಕ್ಕ ಅನ್ವಯ.

ಆಯಿಲ್ ಆರಿಸುವಾಗ ಡಬ್ಬಿಯ ಮೇಲಿನ ಸಂಖ್ಯೆ ನೋಡಿ. 5ಡಬ್ಲ್ಯೂ-30 ಎಂದರೆ ಚಳಿಯಲ್ಲಿ 5ರ ದರ್ಜೆಯಷ್ಟು ತೆಳು, ಬಿಸಿಯಲ್ಲಿ 30ರ ದರ್ಜೆಯಷ್ಟು ಗಟ್ಟಿ. 0ಡಬ್ಲ್ಯೂ-20 ಕೇಳುವ ಇಂಜಿನ್ನಿಗೆ "ದಪ್ಪ ಇದ್ದರೆ ರಕ್ಷಣೆ ಜಾಸ್ತಿ" ಎಂದು 20ಡಬ್ಲ್ಯೂ-50 ಸುರಿದರೆ ಮೈಲೇಜ್ ಇಳಿಯುವುದಲ್ಲದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ಆಯಿಲ್ ತಡವಾಗಿ ತಲುಪುತ್ತದೆ.

1. ಇಂಜಿನ್ ಐದು ನಿಮಿಷ ಓಡಿಸಿ ಆರಿಸಿ. ಬೆಚ್ಚಗಿನ ಆಯಿಲ್ ಚೆನ್ನಾಗಿ ಇಳಿಯುತ್ತದೆ, ಕುದಿಯುವಂತಿದ್ದರೆ ಕೈ ಸುಡುತ್ತದೆ.

2. ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಹಿಂಚಕ್ರಕ್ಕೆ ಕಟ್ಟೆ. ಕೈಪಿಡಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಕಾರನ್ನು ಒಮ್ಮೆ ಅಲುಗಾಡಿಸಿ ನೋಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ಪೂರ್ತಿ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

3. ಮೇಲಿನ ಆಯಿಲ್ ಮುಚ್ಚಳ ಸಡಿಲಿಸಿ. ಡ್ರೈನ್ ಬೋಲ್ಟನ್ನು ಕೊನೆಯ ಸುತ್ತುಗಳಲ್ಲಿ ಒಳಗೆ ಒತ್ತಿಕೊಂಡೇ ತಿರುಗಿಸಿ ಚಟ್ಟನೆ ಎಳೆದುಕೊಳ್ಳಿ, ಕೈಮೇಲೆ ಸುರಿಯುವುದು ಕಡಿಮೆಯಾಗುತ್ತದೆ. ಹತ್ತು ಹದಿನೈದು ನಿಮಿಷ ಇಳಿಯಲು ಬಿಡಿ. ಬೋಲ್ಟಿಗೆ ಲೋಹದ ಚೂರುಗಳು ಅಂಟಿವೆಯೇ ನೋಡಿ. ಮಸಿಯಂಥ ಪುಡಿ ಸಹಜ, ಮಿನುಗುವ ಚಕ್ಕೆಗಳು ಅಲ್ಲ.

4. ಹೊಸ ವಾಷರ್ ಹಾಕಿ ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ. ಶುರುವಿನಲ್ಲೇ ಬಿಗಿ ಎನಿಸಿದರೆ ಥ್ರೆಡ್ (ಬೋಲ್ಟಿನ ಸುರುಳಿ ಗೀರು) ತಪ್ಪಿ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ಕೊನೆಗೆ ಟಾರ್ಕ್ ರೆಂಚ್‌ನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿ. ಇಂಜಿನ್ನಿನ ಅಲ್ಯೂಮಿನಿಯಂ ತಳದ ಥ್ರೆಡ್ ಕಿತ್ತುಬಂದರೆ ಇಡೀ ತಳವನ್ನೇ ಬದಲಿಸಬೇಕಾಗಬಹುದು.

5. ಹಳೆಯ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ಉಂಗುರ ಅದರ ಜೊತೆಗೇ ಬಂದಿದೆಯೇ ನೋಡಿ. ನಾನು ಮೊದಲ ಸಲ ಮಾಡಿದಾಗ ಆ ಉಂಗುರ ಇಂಜಿನ್ನಿಗೇ ಅಂಟಿಕೊಂಡಿತ್ತು, ಗಮನಿಸದೆ ಅದರ ಮೇಲೆ ಹೊಸದನ್ನು ಕೂರಿಸಿದೆ. ಸ್ಟಾರ್ಟ್ ಮಾಡಿದ ಕೆಲವೇ ಕ್ಷಣಗಳಲ್ಲಿ ಹೊಸ ಆಯಿಲ್ ನೆಲದ ಮೇಲಿತ್ತು. ನೆಲ ತೊಳೆಯಲು ಹಿಡಿದ ಸಮಯದಲ್ಲಿ ಇನ್ನೆರಡು ಕಾರುಗಳ ಆಯಿಲ್ ಬದಲಿಸಬಹುದಿತ್ತು.

6. ಹೊಸ ಫಿಲ್ಟರ್‌ನ ಉಂಗುರಕ್ಕೆ ಹೊಸ ಆಯಿಲ್ ಸವರಿ. ಉಂಗುರ ತಾಗುವವರೆಗೆ ಕೈಯಲ್ಲಿ ತಿರುಗಿಸಿ, ಅಲ್ಲಿಂದ ಸುಮಾರು ಮುಕ್ಕಾಲು ಸುತ್ತು. ಫಿಲ್ಟರ್ ಮೇಲೆ ಬೇರೆ ಅಳತೆ ಅಚ್ಚಾಗಿದ್ದರೆ ಅದೇ ಸರಿ. ರೆಂಚ್ ಇರುವುದು ಬಿಚ್ಚಲು, ಬಿಗಿ ಮಾಡಲು ಅಲ್ಲ. ಡಬ್ಬಿಯಂತಿರದೆ ಮುಚ್ಚಳದೊಳಗೆ ಕೂರುವ ಕಾಗದದ ಫಿಲ್ಟರ್ ಆದರೆ ಮುಚ್ಚಳದ ರಬ್ಬರ್ ಉಂಗುರ ಬದಲಿಸಿ, ಕೈಪಿಡಿಯ ಟಾರ್ಕ್‌ಗೆ ಬಿಗಿ ಮಾಡಿ.

7. ಒಟ್ಟು ಅಳತೆಯಲ್ಲಿ ಒಂದು ಅರ್ಧ ಲೀಟರ್ ಉಳಿಸಿಕೊಂಡು ಸುರಿಯಿರಿ. ಮುಚ್ಚಳ ಹಾಕಿ, ಅರ್ಧ ನಿಮಿಷ ಇಂಜಿನ್ ಓಡಿಸಿ. ಕೆಂಪು ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ಬಂದ್ ಮಾಡಿ. ಕೆಳಗೆ ಹನಿ ಬೀಳುತ್ತಿದೆಯೇ ಟಾರ್ಚ್ ಬಿಟ್ಟು ನೋಡಿ. ಕಾರು ಇಳಿಸಿ, ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ನೋಡಿ ಉಳಿದದ್ದು ಹಾಕಿ.

ಹಳೆಯ ಆಯಿಲನ್ನು ಚರಂಡಿಗೋ ಮಣ್ಣಿಗೋ ಸುರಿಯಬೇಡಿ. ಡಬ್ಬಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಹಂತ 6: ಏರ್ ಫಿಲ್ಟರ್, ಪ್ಲಗ್, ಬ್ಯಾಟರಿ

ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎಂಬುದು ಕಾರ್ಬ್ಯುರೇಟರ್ ಕಾಲದ ಮಾತು. ಈಗಿನ ಪೆಟ್ರೋಲ್ ಇಂಜಿನ್ ಒಳಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಇಂಧನ ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಇಂಥ ಇಂಜಿನ್‌ಗಳಲ್ಲಿ ಕಟ್ಟಿಕೊಂಡ ಫಿಲ್ಟರ್‌ನಿಂದ ಮೈಲೇಜ್‌ಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಕಡಿಮೆಯಾದದ್ದು ಎಳೆತ. ಹಾಗೆಂದು ಬಿಟ್ಟುಬಿಡಿ ಎನ್ನುತ್ತಿಲ್ಲ, ಕಾಲಕ್ಕೆ ಸರಿಯಾಗಿ ಬದಲಿಸಿ, ಪವಾಡ ಬಯಸಬೇಡಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯುವುದು, ಜೋರಾದ ಗಾಳಿ ಹೊಡೆಯುವುದು ಎರಡೂ ಬೇಡ. ಕಣ್ಣಿಗೆ ಕಾಣದ ಸೀಳಿನಲ್ಲಿ ಧೂಳು ನೇರ ಇಂಜಿನ್ನಿಗೆ ಹೋಗುತ್ತದೆ.

ಸ್ಪಾರ್ಕ್ ಪ್ಲಗ್ ವಿಷಯ ಬೇರೆ. ಸವೆದ ಪ್ಲಗ್ ಕಿಡಿ ತಪ್ಪಿಸಿದರೆ ಇಂಧನ ಉರಿಯದೆ ಹೊರಹೋಗುತ್ತದೆ. ನಿಂತಲ್ಲಿ ಇಂಜಿನ್ ನಡುಗುವುದು, ಏರಿನಲ್ಲಿ ಜರ್ಕ್ ಹೊಡೆಯುವುದು ಇದರ ಸುಳಿವು. ಸಾಧಾರಣ ಪ್ಲಗ್‌ಗಳಿಗಿಂತ ಇರಿಡಿಯಂನವು ಬಹಳ ಹೆಚ್ಚು ಬಾಳುತ್ತವೆ, ಕೆಲವು ಒಂದು ಲಕ್ಷ ಕಿಲೋಮೀಟರ್‌ವರೆಗೂ. ಇಂಜಿನ್ ತಣ್ಣಗಿದ್ದಾಗಲೇ ಬಿಚ್ಚಿ.

ಬ್ಯಾಟರಿಯನ್ನು ರಾತ್ರಿಯಿಡೀ ಕಾರು ನಿಂತ ಮೇಲೆ ಬೆಳಗ್ಗೆ ಅಳೆಯಿರಿ. 12.6 ವೋಲ್ಟ್ ಎಂದರೆ ಪೂರ್ತಿ, 12.2 ಎಂದರೆ ಅರ್ಧದ ಹತ್ತಿರ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.7ರಿಂದ 14.7ರ ನಡುವೆ ಇರಬೇಕು. ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಈ ಕ್ರಮ ತಪ್ಪಿ ಪಾನಾ ಕಾರಿನ ಲೋಹದ ಮೈಗೆ ತಾಗಿದರೆ ಕಿಡಿ ಹಾರುತ್ತದೆ.

ಹಂತ 7: ಇಂಜಿನ್ ಸರಿಯಾಗಿ ಬಿಸಿಯಾಗುತ್ತಿದೆಯೇ?

ಇದು ಯಾರೂ ನೋಡದ ಜಾಗ. ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಹಾಕಿಕೊಂಡರೆ ಇಂಜಿನ್ ತಣ್ಣಗೇ ಉಳಿಯುತ್ತದೆ, ತಣ್ಣಗಿರುವಷ್ಟು ಹೊತ್ತೂ ಕಂಪ್ಯೂಟರ್ ಹೆಚ್ಚು ಇಂಧನ ಬಿಡುತ್ತಲೇ ಇರುತ್ತದೆ. ಕಾರು ಓಡಿಸಲು ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಉಷ್ಣಾಂಶದ ಮುಳ್ಳು ಎಷ್ಟು ಓಡಿದರೂ ನಡುವಿಗೆ ಬಾರದಿದ್ದರೆ, ಹೆದ್ದಾರಿಯಲ್ಲಿ ಅಥವಾ ಇಳಿಜಾರಿನಲ್ಲಿ ಮತ್ತೆ ಕೆಳಗಿಳಿದರೆ ಇದೇ ಮೊದಲ ಶಂಕಿತ. ಒಬಿಡಿ ರೀಡರ್‌ನಲ್ಲಿ ಕೂಲೆಂಟ್ ಉಷ್ಣಾಂಶ ಬಿಸಿಯಾದ ಮೇಲೆ ಬಹುತೇಕ ಕಾರುಗಳಲ್ಲಿ 85ರಿಂದ 105 ಡಿಗ್ರಿ ನಡುವೆ ಇರುತ್ತದೆ. ರೀಡರ್‌ನಲ್ಲಿ ಪಿ0128 ಎಂಬ ಕೋಡ್ (ಕಾರಿನ ಕಂಪ್ಯೂಟರ್ ಕೊಡುವ ದೋಷ ಸಂಕೇತ) ಬಂದರೆ ಇಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂದರ್ಥ.

ಕೋಡ್ ಓದುವಾಗ ಒಂದು ಎಚ್ಚರ. ಕೋಡ್ ಹೇಳುವುದು ರೋಗದ ಲಕ್ಷಣ. ಪಿ0171 ಎಂದರೆ ಇಂಧನಕ್ಕೆ ಹೋಲಿಸಿ ಗಾಳಿ ಹೆಚ್ಚು. ಅದನ್ನು ಕಂಡ ಕೂಡಲೇ ಆಕ್ಸಿಜನ್ ಸೆನ್ಸರ್ ಕೊಳ್ಳುವವರು ಬಹಳ, ನಿಜವಾದ ಕಾರಣ ಬಿರುಕುಬಿಟ್ಟ ಒಂದು ರಬ್ಬರ್ ಪೈಪ್ ಆಗಿರಬಹುದು. ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ.

ಹಂತ 8: ಹೊರೆ ಮತ್ತು ಗಾಳಿ

ಡಿಕ್ಕಿ ಖಾಲಿ ಮಾಡಿ. 45 ಕಿಲೋ ಹೆಚ್ಚುವರಿ ಹೊರೆಗೆ ಸುಮಾರು ಶೇ. 1 ಮೈಲೇಜ್ ಹೋಗುತ್ತದೆ, ಚಿಕ್ಕ ಕಾರಿನಲ್ಲಿ ಪೆಟ್ಟು ಜಾಸ್ತಿ. ಅದಕ್ಕಿಂತ ದೊಡ್ಡ ಲಾಭ ಮೇಲ್ಛಾವಣಿಯಲ್ಲಿದೆ. ಮೊಂಡು ಆಕಾರದ ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು ಹೋದರೆ ನಗರದಲ್ಲಿ ಶೇ. 2ರಿಂದ 8, ಗಂಟೆಗೆ 105ರಿಂದ 120 ಕಿಲೋಮೀಟರ್ ವೇಗದಲ್ಲಿ ಶೇ. 10ರಿಂದ 25 ಇಂಧನ ದಕ್ಷತೆ ಬೀಳುತ್ತದೆ ಎಂದು ಅದೇ ಇಂಧನ ಇಲಾಖೆ ಹೇಳುತ್ತದೆ. ಪ್ರವಾಸ ಮುಗಿದ ಮೇಲೂ ಖಾಲಿ ಕ್ಯಾರಿಯರ್ ಹೊತ್ತು ತಿರುಗುವ ಕಾರು ನಿಮ್ಮದಾದರೆ ಇವತ್ತೇ ಬಿಚ್ಚಿಡಿ.

ಎಸಿ ಅಥವಾ ಕಿಟಕಿ? ಊರೊಳಗೆ ನಿಧಾನ ಹೋಗುವಾಗ ಕಿಟಕಿ, ಹೆದ್ದಾರಿಯ ವೇಗದಲ್ಲಿ ಕಿಟಕಿ ಮುಚ್ಚಿ ಎಸಿ. ಬಿಸಿಲಲ್ಲಿ ನಿಂತ ಕಾರಾದರೆ ಮೊದಲು ಬಾಗಿಲು ತೆರೆದು ಒಳಗಿನ ಬಿಸಿಗಾಳಿ ಹೊರಹಾಕಿ.

ಹಂತ 9: ಬಲಗಾಲು

ಕಾರು ಸರಿಯಾದ ಮೇಲೆ ಉಳಿದದ್ದು ಓಡಿಸುವವರು. ಎಲ್ಲ ಅಭ್ಯಾಸ ಒಟ್ಟಿಗೆ ಬದಲಿಸಲು ಹೋಗಬೇಡಿ, ವಾರಕ್ಕೊಂದು ಸಾಕು.

ಮೊದಲ ವಾರ, ದೂರ ನೋಡುವುದು. ಪ್ರತಿ ಸಲ ಬ್ರೇಕ್ ಒತ್ತಿದಾಗ, ವೇಗ ಪಡೆಯಲು ಸುಟ್ಟ ಪೆಟ್ರೋಲ್ ಬ್ರೇಕ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಮುಂದೆ ಕೆಂಪು ದೀಪ ಕಂಡರೆ ಅಲ್ಲಿವರೆಗೂ ಆಕ್ಸಿಲರೇಟರ್ ಒತ್ತಿ ಕೊನೆಗೆ ಬ್ರೇಕ್ ತುಳಿಯುವ ಬದಲು ಕಾಲು ಈಗಲೇ ಎತ್ತಿ. ನುಗ್ಗಿ ನಿಲ್ಲುವ ಚಾಲನೆಗೆ ನಗರದ ದಟ್ಟಣೆಯಲ್ಲಿ ಶೇ. 10ರಿಂದ 40ರವರೆಗೆ ಇಂಧನ ದಕ್ಷತೆ ಹೋಗಬಹುದು. ಟೈರಿನ ಗಾಳಿಯ ಶೇ. 2ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಎರಡನೇ ವಾರ, ನ್ಯೂಟ್ರಲ್ ಚಟ ಬಿಡುವುದು. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಇಂಜೆಕ್ಷನ್ ಇರುವ ಇಂಜಿನ್‌ನಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲೆತ್ತಿದರೆ, ಇಂಜಿನ್ನಿನ ತಿರುಗುವಿಕೆ ಐಡಲ್‌ಗಿಂತ (ಕಾರು ನಿಂತಾಗಿನ ತಿರುಗುವಿಕೆಗಿಂತ) ಸಾಕಷ್ಟು ಮೇಲಿರುವವರೆಗೂ ಇಂಧನ ಪೂರ್ತಿ ನಿಲ್ಲುತ್ತದೆ, ಚಕ್ರಗಳೇ ಇಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದಂತೆ ಉರಿಸಲು ಇಂಧನ ಬೇಕೇ ಬೇಕು, ಮೇಲಾಗಿ ಇಂಜಿನ್ನಿನ ಹಿಡಿತ ತಪ್ಪಿ ಬ್ರೇಕ್ ಕಾಯುತ್ತದೆ. ಆಟೊಮ್ಯಾಟಿಕ್ ಆದರೆ ಡಿಯಲ್ಲೇ ಬಿಡಿ. ಉರುಳುವ ಕಾರಿನಲ್ಲಿ ಕೀ ತಿರುಗಿಸಿ ಆರಿಸುವುದಂತೂ ಸಾವಿಗೆ ಕರೆ: ಬ್ರೇಕ್ ಬೂಸ್ಟರ್ ಹೋಗುತ್ತದೆ, ಪವರ್ ಸ್ಟಿಯರಿಂಗ್ ಹೋಗುತ್ತದೆ, ಕೀ ಹೊರಬಂದರೆ ಸ್ಟಿಯರಿಂಗ್ ಲಾಕ್ ಆಗಬಹುದು.

ಮೂರನೇ ವಾರ, ವೇಗ. ಎದುರುಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಲ್ಲಿದ್ದ ತಡೆ 100ಕ್ಕೆ ಒಂದೂವರೆ ಪಟ್ಟು ದಾಟುತ್ತದೆ, 110ಕ್ಕೆ ಸುಮಾರು 1.9 ಪಟ್ಟು. ರಸ್ತೆ ಮತ್ತು ಸಂಚಾರ ಒಪ್ಪುವಲ್ಲಿ ಮೇಲಿನ ಗೇರ್‌ನಲ್ಲಿ ಸ್ಥಿರವಾಗಿ 80ರ ಆಸುಪಾಸು ಓಡಿಸಿ ಒಂದು ಟ್ಯಾಂಕ್ ಅಳೆದು ನೋಡಿ. ಅಂಕಿ ನೋಡಿದ ಮೇಲೆ ನನ್ನ ಉಪದೇಶ ಬೇಕಾಗುವುದಿಲ್ಲ.

ನಾಲ್ಕನೇ ವಾರ, ಗೇರ್. ಮ್ಯಾನುಯಲ್ ಪೆಟ್ರೋಲ್ ಕಾರಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 2,000ದಿಂದ 2,500 ತಿರುಗುವಿಕೆಯಲ್ಲಿ ಮೇಲಿನ ಗೇರ್‌ಗೆ ಹೋಗಬಹುದು, ಡೀಸೆಲ್‌ನಲ್ಲಿ ಇನ್ನೂ ಮುಂಚೆ. ಅತಿಯಾಸೆ ಬೇಡ. ಏರಿನಲ್ಲಿ ಐದನೇ ಗೇರ್‌ನಲ್ಲೇ ಆಕ್ಸಿಲರೇಟರ್ ಒತ್ತಿ ಇಂಜಿನ್ ಗುಡುಗುಡು ಎಂದು ಏದುಸಿರು ಬಿಡುತ್ತಿದ್ದರೆ ಕೆಳಗಿನ ಗೇರ್ ಹಾಕಿ. ಟರ್ಬೊ ಪೆಟ್ರೋಲ್ ಇಂಜಿನ್‌ಗಳಿಗೆ ಇಂಥ ಒತ್ತಾಯ ಪಿಸ್ಟನ್ನಿಗೇ ಅಪಾಯ.

ಬೆಳಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಂತಲ್ಲೇ ಕಾಯಿಸುವ ರೂಢಿಯನ್ನೂ ಬಿಡಿ. ಅರ್ಧ ನಿಮಿಷ ಸಾಕು, ನಂತರ ಮುಳ್ಳು ಮೇಲೇಳುವವರೆಗೆ ಮೆಲ್ಲಗೆ ಓಡಿಸಿ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೊರಡುವ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ತಣ್ಣನೆಯ ಇಂಜಿನ್ನಿನ ನಷ್ಟ ಒಂದೇ ಸಲಕ್ಕೆ ಆಗುತ್ತದೆ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಕೆಂಪು ಆಯಿಲ್ ದೀಪ ಓಡುವಾಗ ಹತ್ತಿದರೆ "ಮುಂದಿನ ಬಂಕ್‌ವರೆಗೆ" ಎನ್ನಬೇಡಿ. ಪಕ್ಕಕ್ಕೆ ತಂದು ಇಂಜಿನ್ ಆರಿಸಿ. ಆಯಿಲ್ ಒತ್ತಡವಿಲ್ಲದೆ ಬೇರಿಂಗ್‌ಗಳು ಕೆಲವೇ ನಿಮಿಷಗಳಲ್ಲಿ ಸವೆದುಹೋಗುತ್ತವೆ.

ಉಷ್ಣಾಂಶದ ಮುಳ್ಳು ಕೆಂಪಿಗೆ ಹೋದರೆ ಎಸಿ ಆರಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳಕ್ಕೆ ಕೈ ಹಾಕಬೇಡಿ, ತಣ್ಣೀರು ಸುರಿಯಬೇಡಿ.

ಹಳದಿ ಇಂಜಿನ್ ದೀಪ ಸ್ಥಿರವಾಗಿದ್ದರೆ ಕೆಲವು ದಿನಗಳಲ್ಲಿ ತೋರಿಸಿ. ಮಿನುಗುತ್ತಿದ್ದರೆ ಕಾಲೆತ್ತಿ ನಿಧಾನಿಸಿ, ಆದಷ್ಟು ಬೇಗ ನಿಲ್ಲಿಸಿ. ಉರಿಯದ ಇಂಧನ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಕರಗಿಸುತ್ತದೆ.

ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ, ನೆಲಕ್ಕಿಳಿಯುವ ಪೆಡಲ್, ಕಾರೊಳಗೆ ಪೆಟ್ರೋಲ್ ವಾಸನೆ: ಮೂರರಲ್ಲಿ ಯಾವುದಿದ್ದರೂ ಓಡಿಸಬೇಡಿ. ದೀಪ ಹತ್ತಿದ್ದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ.

ಇಷ್ಟಾದರೂ ಅಂಕಿ ಏರದಿದ್ದರೆ

ಮತ್ತೆ ಮೂರು ಟ್ಯಾಂಕ್ ಅಳೆದು, ಹಳೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ. ಶೇ. 3ರೊಳಗಿನ ಏರಿಳಿತವನ್ನು ಅಳತೆಯ ತಪ್ಪೆಂದೇ ತಿಳಿಯಿರಿ. ಅದಕ್ಕೂ ಮೀರಿ ಕೊರತೆ ಉಳಿದಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗುವ ಸಮಯ. "ಮೈಲೇಜ್ ಬರ್ತಿಲ್ಲ, ನೋಡಿ" ಎಂದಷ್ಟೇ ಹೇಳಿದರೆ ಮತ್ತೊಂದು ಸರ್ವಿಸ್ ಮಾಡಿ ಕಳಿಸುತ್ತಾರೆ. ನೋಟ್‌ಬುಕ್‌ನ ಆ ಪುಟವನ್ನೇ ಕೈಗೆ ಕೊಡಿ: ಮೊದಲಿನ ಮತ್ತು ಈಗಿನ ಮೈಲೇಜ್, ತಣ್ಣಗಿನ ಟೈರ್ ಒತ್ತಡ, ಯಾವ ಚಕ್ರ ಎಷ್ಟು ಬಿಸಿ, ಕೂಲೆಂಟ್ ಎಷ್ಟು ಡಿಗ್ರಿಗೆ ನಿಲ್ಲುತ್ತದೆ, ಸಿಕ್ಕ ಕೋಡ್‌ಗಳು, ಕೊನೆಯ ಸಲ ಹಾಕಿದ ಆಯಿಲ್‌ನ ದರ್ಜೆ. ಏನನ್ನಾದರೂ ಬದಲಿಸಬೇಕೆಂದರೆ ಯಾಕೆ ಎಂದು ಕೇಳಿ, ತೆಗೆದ ಹಳೆಯ ಭಾಗವನ್ನು ತೋರಿಸಲು ಹೇಳಿ.